ತಿದ್ದಿದ ತಲೆಬುರುಡೆ ಸರಿಯಾಯಿತೆಂದು ತಿಳಿಯುವುದು ಹೇಗೆ?

ಕೃಷಿ ಮತ್ತು ಆರೋಗ್ಯ ಅಂಕಣ



ಜ್ಞಾನಸ್ನಾನದ ದಿನ ಗುರುಗಳು ಮಗುವಿನ ತಲೆಯ ಮೇಲೆ ನೀರು ಹೊಯ್ದು, ಬಳಿಕ ನೆತ್ತಿಗೆ ಪವಿತ್ರ ತೈಲವನ್ನು ಹಚ್ಚುತ್ತಾರೆ. ಅವರ ಬೆರಳು ಮುಟ್ಟುವ ಆ ಜಾಗ ಮೆತ್ತಗಿರುತ್ತದೆ. ಹತ್ತಿರದಿಂದ ನೋಡಿದರೆ ಅಲ್ಲಿ ನಾಡಿ ಮಿಡಿಯುವುದೂ ಕಾಣುತ್ತದೆ. ನಮ್ಮ ಮನೆಗಳಲ್ಲಿ ಮಗುವಿಗೆ ಎರೆಯುವ ಅಜ್ಜಿಯರಿಗೆ ಈ ನೆತ್ತಿಯ ಪರಿಚಯ ವೈದ್ಯರಿಗಿಂತ ಮೊದಲೇ ಆಗಿರುತ್ತದೆ. ನೆತ್ತಿ ಕುಳಿ ಬಿದ್ದರೆ ಮಗುವಿಗೆ ಭೇದಿಯಾಗಿ ನೀರು ಕಡಿಮೆಯಾಗಿದೆ ಎಂದೂ, ಉಬ್ಬಿ ನಿಂತರೆ ಏನೋ ಕೆಟ್ಟದ್ದಿದೆ ಎಂದೂ ಅವರು ಗುರುತಿಸುತ್ತಾರೆ. ಎರಡೂ ನಿಜವೇ.

ಆದರೆ ಅದೇ ಅಜ್ಜಿಯರ ಬಾಯಲ್ಲಿ ಇನ್ನೊಂದು ಮಾತೂ ಕೇಳಿಬರುತ್ತದೆ. ಸೊಸೆಯು "ಅತ್ತಿ, ಕೂಸಿನ ತಲಿ ಯಾಕೋ ಉದ್ದ ಆಗಾಕತ್ತೈತಿ ನೋಡ್ರಿ" ಎಂದರೆ, "ಎಣ್ಣಿ ಹಚ್ಚಿ ತಿದ್ದಿದ್ರ ಸರಿ ಹೋಗ್ತೈತಿ ಬಿಡವ್ವಾ" ಎಂಬ ಉತ್ತರ ಬರುತ್ತದೆ. ಹತ್ತರಲ್ಲಿ ಒಂಬತ್ತು ಸಲ ಅಜ್ಜಿಯ ಮಾತೇ ಸರಿಯಾಗಬಹುದು. ಉಳಿದ ಒಂದು ಸಲ ಮಾತ್ರ ಎಷ್ಟು ಎಣ್ಣೆ ಹಚ್ಚಿದರೂ ತಲೆ ನೇರವಾಗುವುದಿಲ್ಲ. ಆ ಮಗುವಿಗೆ ಶಸ್ತ್ರಚಿಕಿತ್ಸೆ ಬೇಕಾಗಬಹುದು. ಅದಕ್ಕೆ ಕಾಲಮಿತಿಯೂ ಇದೆ. ಶಸ್ತ್ರಚಿಕಿತ್ಸೆ ಆದ ಮೇಲೆ ಅದು ಫಲ ಕೊಟ್ಟಿತೇ ಇಲ್ಲವೇ ಎಂದು ಅಳೆದು ನೋಡುವ ಕೆಲಸ ಇನ್ನೂ ಉಳಿದಿರುತ್ತದೆ. ಈ ಸಲದ ಅಂಕಣದಲ್ಲಿ ಅದನ್ನೇ ವಿವರಿಸುತ್ತೇವೆ. ಹೊಲ, ಹೊಂಡ, ಬಣವೆಗಳ ಅಳತೆ ಬಲ್ಲ ರೈತನಿಗೆ ಈ ಲೆಕ್ಕ ಕಷ್ಟದ್ದಲ್ಲ.

ತಲೆಬುರುಡೆ ಒಂದೇ ಎಲುಬಲ್ಲ

ಹುಟ್ಟಿದ ಮಗುವಿನ ತಲೆಬುರುಡೆ ಒಂದೇ ಗಡಿಗೆಯಂತೆ ಇರುವುದಿಲ್ಲ. ಹಲವು ಎಲುಬಿನ ಹಲಗೆಗಳು ಪಕ್ಕಪಕ್ಕದಲ್ಲಿ ಸೇರಿ ಅದು ಆಗಿರುತ್ತದೆ. ಹಲಗೆಗಳ ನಡುವೆ ಇರುವ ಸಣ್ಣ ಸೀಳುಗಳನ್ನು ಸಂದುಗಳು ಎನ್ನೋಣ. ನೆತ್ತಿಯಿಂದ ಹಿಂದಕ್ಕೆ ತಲೆಯ ನಡುವೆ ಒಂದು ಸಂದು ಹೋಗುತ್ತದೆ. ಹಣೆಯ ಮೇಲೆ ಎಡಕ್ಕೂ ಬಲಕ್ಕೂ ಕಿವಿಯ ಕಡೆ ಇಳಿಯುವ ಸಂದುಗಳಿವೆ. ಹಣೆಯ ನಡುವೆ ಒಂದು, ತಲೆಯ ಹಿಂಭಾಗದಲ್ಲಿ ಎರಡು ಇವೆ. ಮೂರು ನಾಲ್ಕು ಹಲಗೆಗಳು ಕೂಡುವ ಮೂಲೆಯೇ ನೆತ್ತಿ. ಹಿಂದಿನ ಸಣ್ಣ ನೆತ್ತಿ ಎರಡು ಮೂರು ತಿಂಗಳಲ್ಲಿ ಮುಚ್ಚುತ್ತದೆ. ಮುಂದಿನ ದೊಡ್ಡ ನೆತ್ತಿ ಸಾಮಾನ್ಯವಾಗಿ ಒಂದರಿಂದ ಒಂದೂವರೆ ವರ್ಷದಲ್ಲಿ, ಕೆಲವರಲ್ಲಿ ಎರಡು ವರ್ಷದ ಹೊತ್ತಿಗೆ ಮುಚ್ಚುತ್ತದೆ.

ದೇವರು ಈ ಸಂದುಗಳನ್ನು ಇಟ್ಟಿರುವುದಕ್ಕೆ ಎರಡು ಕಾರಣಗಳಿವೆ. ಹೆರಿಗೆಯ ಸಮಯದಲ್ಲಿ ಹಲಗೆಗಳು ಒಂದರ ಮೇಲೊಂದು ಸ್ವಲ್ಪ ಸರಿದು ತಲೆ ಹೊರಬರಲು ದಾರಿಯಾಗುತ್ತದೆ. ಹುಟ್ಟಿದ ಮೇಲೆ ಮೆದುಳು ಬೆಳೆದಂತೆ ಬುರುಡೆಯೂ ಹಿಗ್ಗಲು ಅವಕಾಶವಾಗುತ್ತದೆ. ಮೊದಲ ಒಂದು ವರ್ಷದಲ್ಲೇ ಮಗುವಿನ ಮೆದುಳು ಸುಮಾರು ಎರಡು ಪಟ್ಟಾಗುತ್ತದೆ. ಹುಟ್ಟಿದಾಗ ತಲೆಯ ಸುತ್ತಳತೆ ಸುಮಾರು 34-35 ಸೆಂ.ಮೀ. ಇರುತ್ತದೆ. ಮೊದಲ ಮೂರು ತಿಂಗಳು ತಿಂಗಳಿಗೆ ಸುಮಾರು 2 ಸೆಂ.ಮೀ., ಮುಂದಿನ ಮೂರು ತಿಂಗಳು ತಿಂಗಳಿಗೆ 1 ಸೆಂ.ಮೀ., ಅನಂತರ ವರ್ಷ ತುಂಬುವವರೆಗೆ ತಿಂಗಳಿಗೆ ಅರ್ಧ ಸೆಂ.ಮೀ. ಹೆಚ್ಚುತ್ತದೆ. ಬಿತ್ತಿದ ಮೊದಲ ವಾರಗಳಲ್ಲಿ ಜೋಳ ಜಿಗಿದು ಬೆಳೆಯುವ ಹಾಗೆಯೇ ಇದು. ಆ ವಾರಗಳಲ್ಲಿ ಆದ ತೊಂದರೆ ತೆನೆಯವರೆಗೂ ಕಾಣುತ್ತದೆ.

ಸಂದು ಬೇಗ ಬೆಸೆದುಕೊಂಡರೆ

ಸುಮಾರು 2000ದಿಂದ 2500 ಮಕ್ಕಳಲ್ಲಿ ಒಂದು ಮಗುವಿಗೆ ಯಾವುದೋ ಒಂದು ಸಂದು ಹೊತ್ತಿಗೆ ಮೊದಲೇ, ಅನೇಕ ಸಲ ಗರ್ಭದಲ್ಲೇ, ಬೆಸೆದುಕೊಳ್ಳುತ್ತದೆ. ಇದಕ್ಕೆ ವೈದ್ಯರು ಕ್ರೇನಿಯೋಸಿನೊಸ್ಟೋಸಿಸ್ ಎನ್ನುತ್ತಾರೆ. ಆ ಸಂದಿನ ಕಡೆ ಬುರುಡೆ ಹಿಗ್ಗಲಾರದು. ಮೆದುಳು ಬೆಳೆಯುವುದನ್ನು ನಿಲ್ಲಿಸುವುದಿಲ್ಲವಾದ್ದರಿಂದ ಅದು ತೆರೆದಿರುವ ಕಡೆ ತಳ್ಳುತ್ತದೆ. ಎರಡು ಕಲ್ಲುಗಳ ನಡುವೆ ಸಿಕ್ಕ ಕುಂಬಳಕಾಯಿಯನ್ನು ನೀವು ನೋಡಿದ್ದೀರಿ. ಅಗಲಕ್ಕೆ ಜಾಗವಿಲ್ಲದೆ ಅದು ಉದ್ದಕ್ಕೆ ಬೆಳೆಯುತ್ತದೆ. ಜರ್ಮನಿಯ ವೈದ್ಯ ರುಡಾಲ್ಫ್ ವಿರ್ಶೋ 1851ರಲ್ಲಿ ಹೇಳಿದ ನಿಯಮವೂ ಇದೇ: ಬೆಸೆದ ಸಂದಿಗೆ ಅಡ್ಡವಾದ ದಿಕ್ಕಿನಲ್ಲಿ ಬೆಳವಣಿಗೆ ನಿಲ್ಲುತ್ತದೆ, ಸಂದಿನ ದಿಕ್ಕಿನಲ್ಲಿ ಹೆಚ್ಚುತ್ತದೆ.

ಎಲ್ಲಕ್ಕಿಂತ ಹೆಚ್ಚಾಗಿ ಬೆಸೆಯುವುದು ನಡುನೆತ್ತಿಯ ಉದ್ದ ಸಂದು. ಆಗ ತಲೆ ದೋಣಿಯ ಹಾಗೆ ಇಕ್ಕಟ್ಟಾಗಿ, ಹಿಂದು ಮುಂದಕ್ಕೆ ಉದ್ದವಾಗುತ್ತದೆ. ಇದು ಗಂಡುಮಕ್ಕಳಲ್ಲಿ ಹೆಚ್ಚು. ಹಣೆಯ ನಡುವಿನ ಸಂದು ಬೆಸೆದರೆ ಹಣೆ ಚೂಪಾಗಿ ತ್ರಿಕೋಣದಂತಾಗುತ್ತದೆ. ಒಂದು ಪಕ್ಕದ ಸಂದು ಬೆಸೆದರೆ ಆ ಪಕ್ಕದ ಹಣೆ ಚಪ್ಪಟೆಯಾಗಿ ಕಣ್ಣಿನ ಗೂಡು ಮೇಲಕ್ಕೆ ಎಳೆದಂತೆ ಕಾಣುತ್ತದೆ.

ತಾಯಂದಿರು ಒಂದು ಮಾತನ್ನು ಮನಸ್ಸಿಗೆ ತೆಗೆದುಕೊಳ್ಳಬೇಕು. ಗ್ರಹಣದ ದಿನ ಹೊರಗೆ ಬಂದದ್ದು, ಕುಡುಗೋಲು ಹಿಡಿದದ್ದು, ಭಾರ ಎತ್ತಿದ್ದು, ಯಾರದೋ ದೃಷ್ಟಿ ತಗುಲಿದ್ದು ಇವುಗಳಿಂದ ಇದು ಬರುವುದಿಲ್ಲ. ಒಂದೇ ಸಂದು ಬೆಸೆದ ಹೆಚ್ಚಿನ ಮಕ್ಕಳಲ್ಲಿ ಮನೆತನದಲ್ಲಿ ಹಿಂದೆ ಯಾರಿಗೂ ಈ ತೊಂದರೆ ಇರುವುದಿಲ್ಲ. ಹಲವು ಸಂದುಗಳು ಬೆಸೆದು, ಕೈಬೆರಳು ಕೂಡಿಕೊಂಡೋ ಕಣ್ಣು ಮುಂದೆ ಬಂದೋ ಇರುವ ಕೆಲವು ಮಕ್ಕಳಲ್ಲಿ ವಂಶವಾಹಿಯ ದೋಷವಿರುತ್ತದೆ. ತಾಯಿಯನ್ನು ದೂರುವುದಕ್ಕೆ ಯಾವ ಕಾರಣವೂ ಇಲ್ಲ.

ಎಲ್ಲ ಓರೆ ತಲೆಯೂ ರೋಗವಲ್ಲ

ಇನ್ನು ಅಜ್ಜಿಯ ಮಾತು ಸರಿಯಾಗುವ ಸಂದರ್ಭ. ಮಗು ಸದಾ ಒಂದೇ ಕಡೆ ತಿರುಗಿ ಮಲಗಿದರೆ ತಲೆಯ ಹಿಂಭಾಗ ಒಂದು ಪಕ್ಕಕ್ಕೆ ಚಪ್ಪಟೆಯಾಗುತ್ತದೆ. ಸಂದುಗಳು ತೆರೆದೇ ಇರುತ್ತವೆ. ಇದಕ್ಕೆ ಶಸ್ತ್ರಚಿಕಿತ್ಸೆ ಬೇಡ. ಮೇಲಿನಿಂದ ನೋಡಿದಾಗ ಚಪ್ಪಟೆಯಾದ ಕಡೆಯ ಕಿವಿ ಮುಂದಕ್ಕೆ ಸರಿದಿದ್ದರೆ ಅದು ಸಾಮಾನ್ಯವಾಗಿ ಮಲಗುವ ಭಂಗಿಯಿಂದ ಆದದ್ದು. ಕಿವಿ ಹಿಂದಕ್ಕೆ ಎಳೆದಂತಿದ್ದರೆ ಸಂದು ಬೆಸೆದಿರುವ ಸಂಶಯ ಪಡಬೇಕು. ಹುಟ್ಟಿದಾಗ ಇಲ್ಲದೆ ತಿಂಗಳೆರಡು ತಿಂಗಳಲ್ಲಿ ಕಾಣಿಸಿಕೊಂಡದ್ದು, ಮಗು ಕೂಡಲು ಕಲಿತಂತೆ ಸುಧಾರಿಸುವುದು ಭಂಗಿಯ ಲಕ್ಷಣ. ಹುಟ್ಟಿದಂದಿನಿಂದಲೇ ಇದ್ದು ದಿನದಿನಕ್ಕೆ ಹೆಚ್ಚುವುದು, ಸಂದಿನ ಮೇಲೆ ಬೆರಳಾಡಿಸಿದರೆ ಬದುವಿನಂತೆ ಗಟ್ಟಿ ಏರು ಸಿಗುವುದು ಬೆಸುಗೆಯ ಲಕ್ಷಣ.

ಭಂಗಿಯಿಂದ ಆದದ್ದಕ್ಕೆ ಉಪಾಯ ಸರಳ. ಮಗುವನ್ನು ಅಂಗಾತವೇ ಮಲಗಿಸಿ, ಆದರೆ ತೊಟ್ಟಿಲಲ್ಲಿ ತಲೆಯ ದಿಕ್ಕನ್ನು ಬದಲಿಸುತ್ತಿರಿ. ಎಚ್ಚರವಿದ್ದಾಗ, ಹಿರಿಯರ ಕಣ್ಣೆದುರಿಗೆ, ದಿನಕ್ಕೆ ಕೆಲವು ಸಲ ಬೋರಲು ಹಾಕಿ ಆಡಿಸಿ. ಎಣ್ಣೆ ಹಚ್ಚುವುದಕ್ಕೆ ಅಡ್ಡಿಯಿಲ್ಲ, ಆದರೆ ಅಂಗೈಯಿಂದ ಒತ್ತಿ ತಲೆ ತಿದ್ದುವುದು ಬೇಡ. ಮೆತ್ತನೆಯ ದಿಂಬುಗಳಿಂದ ಎಳೆಮಗುವಿಗೆ ಉಸಿರು ಕಟ್ಟುವ ಅಪಾಯವಿರುವುದರಿಂದ ದಿಂಬೂ ಬೇಡ.

ಶಸ್ತ್ರಚಿಕಿತ್ಸೆಯಲ್ಲಿ ಏನು ಮಾಡುತ್ತಾರೆ?

ಬೆಸೆದ ಸಂದನ್ನು ಕತ್ತರಿಸಿ ತೆಗೆಯುವ ಪ್ರಯತ್ನ ಪ್ಯಾರಿಸಿನಲ್ಲಿ 1890ರಲ್ಲೇ ನಡೆದಿತ್ತು. ಮುಖ ಮತ್ತು ಬುರುಡೆಯ ಎಲುಬುಗಳನ್ನು ಒಟ್ಟಿಗೆ ಬಿಚ್ಚಿ ಹೊಸದಾಗಿ ಜೋಡಿಸುವ ಶಾಸ್ತ್ರವನ್ನು ಕಟ್ಟಿದವರು ಫ್ರಾನ್ಸಿನ ಪಾಲ್ ಟೆಸಿಯೇ. ಅವರು 1967ರಲ್ಲಿ ರೋಮ್ ನಗರದ ಸಮ್ಮೇಳನದಲ್ಲಿ ತಮ್ಮ ಕೆಲಸವನ್ನು ಲೋಕದ ಮುಂದಿಟ್ಟರು. ಮಗು ಮೂರು ನಾಲ್ಕು ತಿಂಗಳಿನದಾಗಿದ್ದರೆ ಸಣ್ಣ ಗಾಯದಿಂದಲೇ, ದುರ್ಬೀನಿನಂಥ ನಳಿಕೆಯ ನೆರವಿನಿಂದ ಬೆಸೆದ ಪಟ್ಟಿಯನ್ನು ತೆಗೆದು, ಬಳಿಕ ತಿಂಗಳುಗಟ್ಟಲೆ ಶಿರಸ್ತ್ರಾಣ ತೊಡಿಸುವ ವಿಧಾನ 1990ರ ದಶಕದ ಕೊನೆಯಲ್ಲಿ ಬಂತು. ಆರು ತಿಂಗಳಿನಿಂದ ಒಂದು ವರ್ಷದವರೆಗಿನ ಮಕ್ಕಳಿಗೆ ಸಾಮಾನ್ಯವಾಗಿ ಬುರುಡೆಯ ಹಲಗೆಗಳನ್ನು ತೆಗೆದು, ಆಕಾರ ಕೊಟ್ಟು, ತಾನೇ ಕರಗುವ ಪಟ್ಟಿ ಮತ್ತು ದಾರಗಳಿಂದ ಕೂಡಿಸುತ್ತಾರೆ. ಎಳೆಯ ವಯಸ್ಸಿನಲ್ಲಿ ಮೆದುಳಿನ ಹೊದಿಕೆಯಿಂದ ಹೊಸ ಎಲುಬು ಚೆನ್ನಾಗಿ ಹುಟ್ಟುತ್ತದೆ. ತಡವಾದಷ್ಟೂ ಆ ಶಕ್ತಿ ಕಡಿಮೆಯಾಗುತ್ತದೆ. ಕಾಲಮಿತಿ ಇದೆ ಎಂದದ್ದು ಇದಕ್ಕೇ.

ಇದು ಸಣ್ಣ ಕೆಲಸವಲ್ಲ. ರಕ್ತ ಹೋಗುತ್ತದೆ, ಮಗುವಿಗೆ ರಕ್ತ ಕೊಡಬೇಕಾಗುತ್ತದೆ, ಅರಿವಳಿಕೆ ತಜ್ಞರು ನುರಿತವರಾಗಿರಬೇಕು. ಇಷ್ಟು ದೊಡ್ಡ ಕೆಲಸಕ್ಕೆ ಒಪ್ಪಿಗೆ ಕೊಟ್ಟ ತಂದೆತಾಯಿಗಳು "ಇದರಿಂದ ನಿಜವಾಗಿ ಏನಾಯಿತು?" ಎಂದು ಕೇಳುವುದು ನ್ಯಾಯವೇ.

ಬರೀ ಟೇಪು ಸಾಲದು

ಕಣ್ಣಿಗೆ ಚೆನ್ನಾಗಿ ಕಂಡರೆ ಸಾಕಲ್ಲವೇ ಎಂದು ಕೆಲವರು ಕೇಳಬಹುದು. ಕಣ್ಣು ಮೋಸ ಹೋಗುತ್ತದೆ. ಕೂದಲು ಬೆಳೆದರೆ ಓರೆ ಮುಚ್ಚುತ್ತದೆ, ಬಾವು ಇದ್ದರೆ ದುಂಡಗೆ ಕಾಣುತ್ತದೆ, ಹೆತ್ತವರ ಪ್ರೀತಿಗೆ ಎಲ್ಲವೂ ಚೆಂದ. ಹಾಗಾದರೆ ಟೇಪು ಹಿಡಿದು ಸುತ್ತಳತೆ ನೋಡಿದರೆ?

ಒಂದು ಲೆಕ್ಕ ಮಾಡೋಣ. ನಿಮ್ಮ ಬಳಿ 40 ಮೀಟರ್ ಹಗ್ಗವಿದೆ. ಅದರಿಂದ 10 ಮೀಟರ್ ಉದ್ದ, 10 ಮೀಟರ್ ಅಗಲದ ಚೌಕ ಸುತ್ತಿದರೆ ಒಳಗೆ 100 ಚದರ ಮೀಟರ್ ನೆಲ ಸಿಗುತ್ತದೆ. ಅದೇ ಹಗ್ಗದಿಂದ 15 ಮೀಟರ್ ಉದ್ದ, 5 ಮೀಟರ್ ಅಗಲದ ಪಟ್ಟಿ ಸುತ್ತಿದರೆ ಸಿಗುವುದು 75 ಚದರ ಮೀಟರ್ ಮಾತ್ರ. ಹಗ್ಗ ಒಂದೇ, ನೆಲ ಬೇರೆ. ತಲೆಯದೂ ಹಾಗೆಯೇ. ಉದ್ದ ತಲೆಯ ಮಗುವಿನ ಸುತ್ತಳತೆ ಅಂಗನವಾಡಿಯ ಪಟ್ಟಿಯಲ್ಲಿ ಸರಿಯಾಗಿಯೇ, ಕೆಲವೊಮ್ಮೆ ಹೆಚ್ಚಾಗಿಯೇ ಇರುತ್ತದೆ. ಸುತ್ತಳತೆ ಸರಿ ಇದೆ ಎಂಬ ಮಾತ್ರಕ್ಕೆ ತಲೆ ಸರಿ ಇದೆ ಎನ್ನಲಾಗದು. ಟೇಪನ್ನು ಎಸೆಯಬೇಡಿ, ಅದರ ಮಾತನ್ನೇ ಕೊನೆಯ ಮಾತಾಗಿ ಹಿಡಿಯಬೇಡಿ.

ಆದ್ದರಿಂದ ವೈದ್ಯರು ಉದ್ದ ಮತ್ತು ಅಗಲಗಳನ್ನು ಬೇರೆ ಬೇರೆಯಾಗಿ ಅಳೆಯುತ್ತಾರೆ. ಅಗಲವನ್ನು ಉದ್ದದಿಂದ ಭಾಗಿಸಿ 100ರಿಂದ ಗುಣಿಸಿದರೆ ಬರುವ ಸಂಖ್ಯೆಯೇ ಶಿರೋಸೂಚ್ಯಂಕ. ಸ್ವೀಡನ್ನಿನ ಆಂಡರ್ಸ್ ರೆಟ್ಸಿಯಸ್ 1840ರ ದಶಕದಲ್ಲಿ ಈ ಲೆಕ್ಕವನ್ನು ಬಳಕೆಗೆ ತಂದರು. ಸಾಮಾನ್ಯವಾಗಿ ಇದು 75ರಿಂದ 85ರ ಆಸುಪಾಸಿನಲ್ಲಿರುತ್ತದೆ. ಉದಾಹರಣೆಗೆ, ಉದ್ದ 15.5 ಸೆಂ.ಮೀ., ಅಗಲ 10.5 ಸೆಂ.ಮೀ. ಇರುವ ತಲೆಯ ಸೂಚ್ಯಂಕ 68. ಅದು ದೋಣಿಯಾಕಾರ. ಶಸ್ತ್ರಚಿಕಿತ್ಸೆಯ ಬಳಿಕ ಅದೇ ಮಗು ಬೆಳೆದು ಉದ್ದ 16 ಸೆಂ.ಮೀ., ಅಗಲ 12.2 ಸೆಂ.ಮೀ. ಆದರೆ ಸೂಚ್ಯಂಕ 76. ಉದ್ದ ಅರ್ಧ ಸೆಂ.ಮೀ. ಮಾತ್ರ ಹೆಚ್ಚಿತು, ಅಗಲ 1.7 ಸೆಂ.ಮೀ. ಹೆಚ್ಚಿತು. ಬೆಳವಣಿಗೆ ಬೇಕಾದ ದಿಕ್ಕಿಗೆ ತಿರುಗಿತು ಎಂದು ಇದರಿಂದ ತಿಳಿಯುತ್ತದೆ.

ಕೃಷಿ ಹೊಂಡದ ಲೆಕ್ಕವೂ ತಲೆಯ ಲೆಕ್ಕವೂ

ಆಕಾರ ತಿಳಿಯಿತು. ಒಳಗಿನ ಜಾಗ ಎಷ್ಟು? ಬುರುಡೆಯನ್ನು ಹಗೇವಿಗೆ ಹೋಲಿಸಬಹುದು. ಬಾಯಿ ಎಷ್ಟು ಅಗಲ ಎಂಬುದಕ್ಕಿಂತ ಒಳಗೆ ಎಷ್ಟು ಚೀಲ ಜೋಳ ಹಿಡಿಯುತ್ತದೆ ಎಂಬುದು ಮುಖ್ಯ. ಮಗುವಿನ ಬುರುಡೆಯೊಳಗಿನ ಜಾಗವನ್ನು ಮುಟ್ಟದೆ ಅಳೆಯುವುದಕ್ಕೆ ಸಿ.ಟಿ. ಸ್ಕ್ಯಾನ್ ಬೇಕು.

ಮೇಲ್ಗಡೆ 20 ಮೀಟರ್ ಉದ್ದ, 20 ಮೀಟರ್ ಅಗಲ, 3 ಮೀಟರ್ ಆಳವಿದ್ದು, ಪಕ್ಕಗಳು ಇಳಿಜಾರಾಗಿ ತಳದಲ್ಲಿ 14 ಮೀಟರ್ ಚೌಕವಾಗಿರುವ ಕೃಷಿ ಹೊಂಡವನ್ನು ನೆನೆಯಿರಿ. ಅದನ್ನು ಒಂದೊಂದು ಮೀಟರಿನ ಮೂರು ಪದರಗಳಾಗಿ ಎಣಿಸೋಣ. ಮೊದಲ ಪದರದ ನಡುವೆ 19 ಮೀಟರ್ ಚೌಕ, ಅಂದರೆ 361 ಚದರ ಮೀಟರ್. ಎರಡನೆಯದಕ್ಕೆ 17ರ ಚೌಕ, 289. ಮೂರನೆಯದಕ್ಕೆ 15ರ ಚೌಕ, 225. ಮೂರನ್ನೂ ಕೂಡಿಸಿದರೆ 875 ಘನ ಮೀಟರ್, ಅಂದರೆ 8 ಲಕ್ಷ 75 ಸಾವಿರ ಲೀಟರ್ ನೀರು. ಗಣಿತದ ಪೂರ್ಣ ಸೂತ್ರದಿಂದ ಮಾಡಿದರೆ 876 ಬರುತ್ತದೆ. ಮೂರೇ ಪದರಗಳಿಂದ ಇಷ್ಟು ಹತ್ತಿರ ಬಂದೆವು. ಪದರ ತೆಳ್ಳಗಾದಷ್ಟೂ ಲೆಕ್ಕ ಇನ್ನೂ ಹತ್ತಿರವಾಗುತ್ತದೆ.

ಸಿ.ಟಿ. ಸ್ಕ್ಯಾನ್ ತಲೆಯನ್ನು ಹೀಗೆಯೇ, ಕತ್ತರಿಸದೆ, ಕ್ಷ-ಕಿರಣಗಳಿಂದ ಪದರ ಪದರವಾಗಿ ತೋರಿಸುತ್ತದೆ. ಪ್ರತಿ ಪದರದಲ್ಲಿ ಬುರುಡೆಯ ಒಳಗಿನ ಕ್ಷೇತ್ರವನ್ನು ಗುರುತು ಮಾಡಿ, ಪದರದ ದಪ್ಪದಿಂದ ಗುಣಿಸಿ, ಎಲ್ಲವನ್ನೂ ಕೂಡಿಸಿದರೆ ಒಳಗಿನ ಘನಗಾತ್ರ ಸಿಗುತ್ತದೆ. ಒಂದು ಪದರದ ಕ್ಷೇತ್ರ 100 ಚದರ ಸೆಂ.ಮೀ., ದಪ್ಪ ಅರ್ಧ ಸೆಂ.ಮೀ. ಇದ್ದರೆ ಆ ಪದರಕ್ಕೆ 50 ಘನ ಸೆಂ.ಮೀ. ಈಗ ಗಣಕಯಂತ್ರ ಒಂದು ಮಿಲಿಮೀಟರಿಗಿಂತಲೂ ತೆಳುವಾದ ಪದರಗಳನ್ನು ಕೂಡಿಸಿ, ಬುರುಡೆಯ ಮೂರು ಆಯಾಮದ ಚಿತ್ರವನ್ನೇ ಪರದೆಯ ಮೇಲೆ ತಿರುಗಿಸಿ ತೋರಿಸುತ್ತದೆ. ಯಾವ ಸಂದು ಬೆಸೆದಿದೆ, ತೆಗೆದ ಕಡೆ ಹೊಸ ಎಲುಬು ತುಂಬಿದೆಯೇ, ಎಲ್ಲಿ ಇನ್ನೂ ತೂತು ಉಳಿದಿದೆ ಎಂಬುದೂ ಅದರಲ್ಲಿ ಕಾಣುತ್ತದೆ.

ಈ ಪದರಗಳ ಗಣಿತವನ್ನು ಲೋಕಕ್ಕೆ ಕೊಟ್ಟವರಲ್ಲಿ ನಮ್ಮ ಧರ್ಮಸಭೆಯ ಒಬ್ಬ ಸನ್ಯಾಸಿಯೂ ಇದ್ದಾರೆ ಎಂಬುದು ಸಂತೋಷದ ಸಂಗತಿ. ಇಟಲಿಯ ಬೊನವೆಂತೂರ ಕವಾಲಿಯೆರಿ ಜೆಸುವಾತಿ ಎಂಬ ಸಭೆಗೆ ಸೇರಿದವರು (ಇದು ಯೇಸುಸಭೆಯಲ್ಲ, ಬೇರೆಯದೇ ಒಂದು ಸಭೆ). ಬೊಲೋನ್ಯ ವಿಶ್ವವಿದ್ಯಾಲಯದಲ್ಲಿ ಗಣಿತ ಕಲಿಸುತ್ತಿದ್ದ ಅವರು 1635ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಎರಡು ಘನವಸ್ತುಗಳ ಪದರಗಳು ಎಲ್ಲ ಎತ್ತರದಲ್ಲೂ ಸಮನಾಗಿದ್ದರೆ ಅವುಗಳ ಗಾತ್ರವೂ ಸಮ ಎಂಬ ತತ್ವವನ್ನು ವಿವರಿಸಿದರು.

ಸಿ.ಟಿ. ಯಂತ್ರವನ್ನು ಕಟ್ಟಿದ ಗಾಡ್‌ಫ್ರೆ ಹೌನ್ಸ್‌ಫೀಲ್ಡ್ ಒಬ್ಬ ರೈತನ ಮಗ. ಇಂಗ್ಲೆಂಡಿನ ಹಳ್ಳಿಯ ತೋಟದಲ್ಲಿ ಬೆಳೆದ ಅವರು ಬಾಲ್ಯದಲ್ಲಿ ಹೊಲದ ಯಂತ್ರಗಳನ್ನು ಬಿಚ್ಚಿ ನೋಡುತ್ತಿದ್ದರು. ತಾವೇ ಮಾಡಿದ ರೆಕ್ಕೆ ಕಟ್ಟಿಕೊಂಡು ಹುಲ್ಲಿನ ಬಣವೆಯ ಮೇಲಿನಿಂದ ಹಾರಲು ನೋಡಿದ್ದರಂತೆ. 1971ರ ಅಕ್ಟೋಬರ್‌ನಲ್ಲಿ ಲಂಡನ್ನಿನಲ್ಲಿ ಅವರ ಯಂತ್ರದಿಂದ ಮೊದಲ ರೋಗಿಯ ತಲೆಯ ಚಿತ್ರ ತೆಗೆಯಲಾಯಿತು. 1979ರಲ್ಲಿ ಅಲನ್ ಕಾರ್ಮಕ್ ಅವರೊಂದಿಗೆ ನೊಬೆಲ್ ಪ್ರಶಸ್ತಿ ಬಂತು.

ಹೆಚ್ಚಾದದ್ದೆಲ್ಲ ಶಸ್ತ್ರಚಿಕಿತ್ಸೆಯ ಫಲವಲ್ಲ

ಇಲ್ಲಿ ಒಂದು ಎಚ್ಚರಿಕೆ ಬೇಕು. ಆರು ತಿಂಗಳಿನಲ್ಲಿ ಸ್ಕ್ಯಾನ್ ಮಾಡಿ, ಶಸ್ತ್ರಚಿಕಿತ್ಸೆ ಮಾಡಿ, ಒಂದೂವರೆ ವರ್ಷಕ್ಕೆ ಮತ್ತೆ ಸ್ಕ್ಯಾನ್ ಮಾಡಿದರೆ ಒಳಗಿನ ಜಾಗ ಹೆಚ್ಚಿರುತ್ತದೆ. "ನೋಡಿ, ಎಷ್ಟು ಹೆಚ್ಚಿತು" ಎನ್ನುವಂತಿಲ್ಲ. ಮಗು ಸುಮ್ಮನಿದ್ದರೂ ಬೆಳೆಯುತ್ತಿತ್ತು. ಹೊಸ ಹಿಂಡಿ ಹಾಕಿದ ಕರು ಆರು ತಿಂಗಳಲ್ಲಿ ತೂಕ ಹೆಚ್ಚಿಸಿಕೊಂಡಿತೆಂದರೆ ಅದು ಹಿಂಡಿಯ ಗುಣವೋ ವಯಸ್ಸಿನ ಗುಣವೋ? ದಾಳಿಂಬೆ ತೋಟದಲ್ಲಿ ಒಂದು ಸಾಲಿಗೆ ಔಷಧ ಹೊಡೆಯದೆ ಬಿಟ್ಟು ಹೋಲಿಸಿದರೆ ತಾನೇ ಔಷಧದ ಬಲ ತಿಳಿಯುವುದು?

ಮಕ್ಕಳ ವಿಷಯದಲ್ಲಿ ಹಾಗೆ ಬಿಡುವಂತಿಲ್ಲ. ಅದಕ್ಕೆ ಬದಲಾಗಿ ಅದೇ ವಯಸ್ಸಿನ, ಅದೇ ಲಿಂಗದ ಆರೋಗ್ಯವಂತ ಮಕ್ಕಳ ಅಳತೆಯ ಪಟ್ಟಿಯೊಂದಿಗೆ ಹೋಲಿಸುತ್ತಾರೆ. ಮೊದಲು ಪಟ್ಟಿಯ ಯಾವ ಗೆರೆಯ ಮೇಲೆ ಇತ್ತು, ಈಗ ಯಾವ ಗೆರೆಯ ಮೇಲೆ ಇದೆ ಎಂಬುದೇ ಪ್ರಶ್ನೆ. ಎರಡು ಸಲವೂ ಒಂದೇ ಗುರುತುಗಳಿಂದ, ಒಂದೇ ಕ್ರಮದಲ್ಲಿ ಅಳೆದಿರಬೇಕು. ಒಬ್ಬ ಗಟ್ಟಿ ಎಳೆದು, ಇನ್ನೊಬ್ಬ ಸಡಿಲ ಬಿಟ್ಟು ಹೊಲ ಅಳೆದರೆ ಜಗಳವೇ ಉಳಿಯುವುದು.

ಎರಡನೆಯ ಎಚ್ಚರಿಕೆ ಸಮಯದ್ದು. ದ್ರಾಕ್ಷಿಯ ಏಪ್ರಿಲ್ ಚಾಟ್ನಿಯ ಗುಣ ಮರುದಿನ ತಿಳಿಯುವುದಿಲ್ಲ. ಅಕ್ಟೋಬರ್ ಚಾಟ್ನಿ ಆಗಿ ಗೊನೆ ಬಂದಾಗ ತಿಳಿಯುತ್ತದೆ. ಶಸ್ತ್ರಚಿಕಿತ್ಸೆಯಾದ ತಿಂಗಳಲ್ಲಿ ಬಂದ ಒಳ್ಳೆಯ ಸೂಚ್ಯಂಕ ಮುಂದಿನ ವರ್ಷಗಳಲ್ಲಿ ಸ್ವಲ್ಪ ಹಿಂದೆ ಸರಿಯುವುದುಂಟು. ಅಪರೂಪಕ್ಕೆ ಬೇರೊಂದು ಸಂದು ಬೆಸೆಯುವುದೂ ಉಂಟು. ಆದ್ದರಿಂದ ಶಾಲೆಗೆ ಹೋಗುವ ವಯಸ್ಸಿನವರೆಗೂ ವೈದ್ಯರಿಗೆ ತೋರಿಸುತ್ತಿರಬೇಕು.

ಮೂರನೆಯದು, ಅಳತೆಯೇ ಮಗುವಲ್ಲ. ನಡುಸಂದು ಒಂದೇ ಬೆಸೆದ ಮಕ್ಕಳಲ್ಲಿ ಒಳಗಿನ ಜಾಗ ಹೆಚ್ಚಾಗಿ ಕಡಿಮೆ ಇರುವುದಿಲ್ಲ, ಆಕಾರ ಮಾತ್ರ ಕೆಟ್ಟಿರುತ್ತದೆ. ಜಾಗ ಸಾಕಷ್ಟಿದ್ದರೂ ಕೆಲವರಿಗೆ ತಲೆಯೊಳಗಿನ ಒತ್ತಡ ಏರುತ್ತದೆ. ಬೆಳಗಿನ ವಾಂತಿ, ತಲೆನೋವು, ದೃಷ್ಟಿ ಮಂದವಾಗುವುದು ಅದರ ಗುರುತುಗಳು. ಕಣ್ಣಿನ ವೈದ್ಯರು ಪಾಪೆ ಹಿಗ್ಗಿಸಿ ಕಣ್ಣಿನ ಹಿಂಭಾಗದ ನರ ನೋಡಿದರೆ ಬಾವು ಕಾಣುತ್ತದೆ. ಮಗು ಮಾತು ಕಲಿಯಿತೇ, ಓದಿನಲ್ಲಿ ಹೇಗಿದೆ, ಓರಗೆಯವರ ಜೊತೆ ಆಡುತ್ತದೆಯೇ ಎಂಬುದೂ ಫಲಿತಾಂಶದ ಭಾಗವೇ. ಅಮೆರಿಕದ ಲಿಂಟನ್ ವಿಟಕರ್ 1987ರಲ್ಲಿ ಹೇಳಿದ ನಾಲ್ಕು ದರ್ಜೆಗಳ ಪದ್ಧತಿ ಇನ್ನೂ ಸರಳವಾದ ಒಂದು ಪ್ರಶ್ನೆ ಕೇಳುತ್ತದೆ: ಇನ್ನೇನೂ ಮಾಡಬೇಕಾಗಿಲ್ಲವೇ, ಸಣ್ಣ ತಿದ್ದುಪಡಿ ಬೇಕೇ, ದೊಡ್ಡದು ಬೇಕೇ, ಅಥವಾ ಮೊದಲಿನಿಂದ ಮತ್ತೆ ಮಾಡಬೇಕೇ?

ಅಳತೆಗೂ ಬೆಲೆ ಇದೆ

ಸ್ಕ್ಯಾನಿನಿಂದ ಇಷ್ಟೆಲ್ಲ ತಿಳಿಯುವುದಾದರೆ ಆರು ತಿಂಗಳಿಗೊಮ್ಮೆ ಮಾಡಿಸಬಹುದಲ್ಲ? ಬೇಡ. ಸಿ.ಟಿ. ಸ್ಕ್ಯಾನಿನಲ್ಲಿ ಕ್ಷ-ಕಿರಣಗಳು ಮಗುವಿನ ತಲೆಯೊಳಗೆ ಹಾಯುತ್ತವೆ. ತಲೆಯ ಒಂದು ಸ್ಕ್ಯಾನಿಗೆ ಸುಮಾರು 2 ಮಿಲಿಸೀವರ್ಟ್ ವಿಕಿರಣ ತಗುಲುತ್ತದೆ. ನೆಲ, ಗಾಳಿ, ಆಕಾಶಗಳಿಂದ ನಮಗೆಲ್ಲ ಒಂದು ವರ್ಷದಲ್ಲಿ ತಾನಾಗಿ ತಗುಲುವುದು ಲೋಕದ ಸರಾಸರಿಯಲ್ಲಿ 2.4 ಮಿಲಿಸೀವರ್ಟ್. ಅಂದರೆ ಹೆಚ್ಚು ಕಡಿಮೆ ಒಂದು ವರ್ಷದ ಪಾಲು ಕೆಲವೇ ಕ್ಷಣಗಳಲ್ಲಿ. ಬೆಳೆಯುವ ಮಗುವಿನ ಜೀವಕೋಶಗಳು ದೊಡ್ಡವರಿಗಿಂತ ಸೂಕ್ಷ್ಮ.

ಬ್ರಿಟನ್ನಿನಲ್ಲಿ ಸ್ಕ್ಯಾನ್ ಆದ ಮಕ್ಕಳನ್ನು ಅನುಸರಿಸಿ ನೋಡಿದ ಒಂದು ದೊಡ್ಡ ಅಧ್ಯಯನ 2012ರಲ್ಲಿ ಪ್ರಕಟವಾಯಿತು. 10 ವರ್ಷದೊಳಗಿನ ಮಕ್ಕಳಲ್ಲಿ 10,000 ತಲೆ ಸ್ಕ್ಯಾನ್‌ಗಳಿಗೆ, ಮುಂದಿನ ಹತ್ತು ವರ್ಷಗಳಲ್ಲಿ, ಒಂದು ಹೆಚ್ಚುವರಿ ರಕ್ತದ ಕ್ಯಾನ್ಸರ್ ಮತ್ತು ಒಂದು ಹೆಚ್ಚುವರಿ ಮೆದುಳಿನ ಗಡ್ಡೆ ಬರಬಹುದೆಂದು ಅದು ಅಂದಾಜು ಮಾಡಿತು. ಇದು ಚಿಕ್ಕ ಅಪಾಯ. ಬೇಕಾದ ಸ್ಕ್ಯಾನನ್ನು ಹೆದರಿ ಬಿಡುವುದಕ್ಕೆ ಕಾರಣವಲ್ಲ, ಬೇಡದ ಸ್ಕ್ಯಾನನ್ನು ಮಾಡಿಸದಿರುವುದಕ್ಕೆ ಕಾರಣ. ಎಳೆಮಗು ಅಲುಗಾಡದಿರಲು ಕೆಲವೊಮ್ಮೆ ಮಂಪರಿನ ಔಷಧ ಕೊಡಬೇಕಾಗುತ್ತದೆ, ಅದೂ ಲೆಕ್ಕಕ್ಕೆ ಬರುತ್ತದೆ.

ಆದ್ದರಿಂದ ಈಗ ವೈದ್ಯರು ಬೇರೆ ದಾರಿಗಳನ್ನೂ ಹಿಡಿದಿದ್ದಾರೆ. ಎಳೆಗೂಸುಗಳ ಸಂದು ತೆರೆದಿದೆಯೇ ಎಂದು ಸೋನೋಗ್ರಫಿಯಿಂದ ನೋಡಬಹುದು. ಹಲವು ಕ್ಯಾಮೆರಾಗಳಿಂದ ಒಮ್ಮೆಲೇ ಚಿತ್ರ ತೆಗೆದು ತಲೆಯ ಹೊರಮೈಯನ್ನು ಅಳೆಯಬಹುದು. ಅದರಲ್ಲಿ ವಿಕಿರಣವೇ ಇಲ್ಲ. ಎಂ.ಆರ್.ಐ.ಯಲ್ಲಿ ಎಲುಬನ್ನು ಕಪ್ಪಾಗಿ ಬಿಡಿಸಿ ತೋರಿಸುವ ವಿಧಾನವನ್ನು ಆಕ್ಸ್‌ಫರ್ಡ್‌ನ ವೈದ್ಯರು 2012ರಲ್ಲಿ ವಿವರಿಸಿದರು. ಇವೆಲ್ಲ ಎಲ್ಲ ಊರಿನಲ್ಲಿ ಸಿಗಲಾರವು. ಆದರೂ "ಸಿ.ಟಿ. ಬಿಟ್ಟು ಬೇರೆ ದಾರಿ ಇದೆಯೇ, ಸಾಹೇಬರೇ?" ಎಂದು ಕೇಳುವುದಕ್ಕೆ ಯಾವ ಸಂಕೋಚವೂ ಬೇಡ.

ಗಡಿಯ ಮನೆಗಳಿಗೆ ಒಂದು ಮಾತು

ಗುಡ್ಡಾಪುರ, ಜತ್ತ ಸೀಮೆಯ ನಮಗೆ ಆಸ್ಪತ್ರೆಯ ದಾರಿ ಒಂದಲ್ಲ. ದಾನಮ್ಮದೇವಿಯ ಅಮಾವಾಸ್ಯೆಗೆ ಎರಡೂ ರಾಜ್ಯಗಳ ಜನ ಇಲ್ಲಿಗೆ ಬರುವಂತೆ, ಕಾಯಿಲೆ ಬಂದಾಗ ನಾವು ಎರಡೂ ರಾಜ್ಯಗಳಿಗೆ ಹೋಗುತ್ತೇವೆ. ಕೆಲವರು ಸಾಂಗ್ಲಿ-ಮಿರಜಿಗೆ, ಕೆಲವರು ಸೊಲ್ಲಾಪುರಕ್ಕೆ, ಕನ್ನಡದಲ್ಲಿ ಮಾತಾಡುವ ವೈದ್ಯರು ಬೇಕೆಂದು ಕೆಲವರು ವಿಜಯಪುರಕ್ಕೆ ಹೋಗುತ್ತಾರೆ. ತಲೆಬುರುಡೆ ಮತ್ತು ಮುಖದ ಶಸ್ತ್ರಚಿಕಿತ್ಸೆಗೆ ಧಾರವಾಡದ ಎಸ್.ಡಿ.ಎಂ. ಸಂಸ್ಥೆಯಲ್ಲಿ ಪ್ರತ್ಯೇಕ ಘಟಕವಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮೆದುಳು ಶಸ್ತ್ರಚಿಕಿತ್ಸೆ ನಡೆಯುತ್ತದೆ. ಧರ್ಮಸಭೆಯದೇ ಆದ, 1963ರಲ್ಲಿ ಆರಂಭವಾದ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜು ಇರುವುದೂ ಅಲ್ಲಿಯೇ.

ಆದರೆ ಮಿರಜಿನಲ್ಲಿ ಮೊದಲ ಸ್ಕ್ಯಾನ್ ಆಗಿ, ಶಸ್ತ್ರಚಿಕಿತ್ಸೆ ಧಾರವಾಡದಲ್ಲಿ ಆಗುವುದಾದರೆ ಹಳೆಯ ಚಿತ್ರ ಎಲ್ಲಿ? ಬಹಳ ಮನೆಗಳಲ್ಲಿ ಉಳಿಯುವುದು ಒಂದು ಹಾಳೆಯ ವರದಿ ಮಾತ್ರ. ಫಿಲ್ಮು ತಗಡಿನ ಮಾಡಿಗೆ ಸಿಕ್ಕಿಸಿದ್ದು ಬಿಸಿಲಿಗೆ ಅಂಟಿ ಹೋಗಿರುತ್ತದೆ. ಆಗ ವೈದ್ಯರಿಗೆ ಮತ್ತೆ ಸ್ಕ್ಯಾನ್ ಮಾಡಿಸದೆ ಬೇರೆ ದಾರಿ ಇರುವುದಿಲ್ಲ. ಹಣವೂ ಹೋಯಿತು, ಮಗುವಿಗೆ ವಿಕಿರಣವೂ ತಗುಲಿತು. ಇನ್ನೂ ದೊಡ್ಡ ನಷ್ಟವೆಂದರೆ, ಮೊದಲಿನ ಅಳತೆ ಇಲ್ಲದೆ ಮುಂದೆ ಹೋಲಿಸಿ ನೋಡುವ ಮಾತೇ ಇಲ್ಲ. ಗಡಿಕಲ್ಲು ಕಿತ್ತ ಮೇಲೆ ಹೊಲ ಅಳೆದಂತೆ ಆಗುತ್ತದೆ.

ಆದ್ದರಿಂದ ಸ್ಕ್ಯಾನ್ ಮಾಡಿಸಿದ ಕಡೆ ವರದಿ, ಫಿಲ್ಮುಗಳ ಜೊತೆಗೆ ಪೂರ್ಣ ಚಿತ್ರಗಳಿರುವ ಸಿ.ಡಿ. ಅಥವಾ ಪೆನ್ ಡ್ರೈವ್ ಕೇಳಿ ಪಡೆಯಿರಿ. ಒಳಗಿನ ಘನಗಾತ್ರ ಅಳೆಯುವುದು ಆ ಮೂಲ ಚಿತ್ರಗಳಿಂದಲೇ, ಫಿಲ್ಮಿನಿಂದ ಆಗದು. ಹೊಲದ ಸಾತ್‌ಬಾರಾ ಉತಾರೆ ಇಡುವ ಪೆಟ್ಟಿಗೆಯಲ್ಲೇ ಅದನ್ನೂ ಇಡಿ.

ಹಣದ ವಿಷಯ. ಮಹಾರಾಷ್ಟ್ರದಲ್ಲಿ ಮಹಾತ್ಮಾ ಜ್ಯೋತಿರಾವ್ ಫುಲೆ ಜನ ಆರೋಗ್ಯ ಯೋಜನೆ, ದೇಶಕ್ಕೆಲ್ಲ 2018ರಿಂದ ಆಯುಷ್ಮಾನ್ ಭಾರತ ಯೋಜನೆ ಇವೆ. ಯಾವ ಆಸ್ಪತ್ರೆಯಲ್ಲಿ, ಯಾವ ಶಸ್ತ್ರಚಿಕಿತ್ಸೆಗೆ ಕಾರ್ಡು ನಡೆಯುತ್ತದೆ ಎಂದು ಆಸ್ಪತ್ರೆಯ ಆರೋಗ್ಯಮಿತ್ರರನ್ನು ಮೊದಲೇ ಕೇಳಿ, ಅದರಲ್ಲೂ ರಾಜ್ಯದ ಗಡಿ ದಾಟುವ ಮುನ್ನ. ಅಂಗನವಾಡಿ ಮತ್ತು ಶಾಲೆಗಳಿಗೆ ಬಂದು ಮಕ್ಕಳನ್ನು ತಪಾಸಣೆ ಮಾಡುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಲ್ಲಿ ಆರಂಭವಾಗಿದೆ. ಆ ತಂಡ ಬಂದ ದಿನ ಕಳೆ ತೆಗೆಯುವ ಕೆಲಸವಿದೆಯೆಂದು ಮಗುವನ್ನು ತಪ್ಪಿಸಬೇಡಿ.

ನೆನಪಿಡಬೇಕಾದ ಅಂಶಗಳು

1. ಹುಟ್ಟಿದಂದಿನಿಂದಲೇ ತಲೆ ಓರೆ ಅಥವಾ ಉದ್ದವಾಗಿದ್ದು ಹೆಚ್ಚುತ್ತಿದ್ದರೆ, ಸಂದಿನ ಮೇಲೆ ಗಟ್ಟಿ ಏರು ಸಿಕ್ಕರೆ, ಮೂರು ತಿಂಗಳೊಳಗೆ ಮಕ್ಕಳ ವೈದ್ಯರಿಗೆ ತೋರಿಸಿ. ಜವಳದ ಹೊತ್ತಿಗೆ ನೋಡೋಣ ಎಂದು ಕಾಯಬೇಡಿ.

2. ಪ್ರತಿ ತಿಂಗಳು ಒಂದೇ ದಿನ ಮಗುವಿನ ಫೋಟೋ ತೆಗೆಯಿರಿ: ಮೇಲಿನಿಂದ ಒಂದು, ಎದುರಿನಿಂದ ಒಂದು, ಎರಡು ಪಕ್ಕಗಳಿಂದ ಒಂದೊಂದು. ದೂರ ಒಂದೇ ಇರಲಿ, ಕೂದಲು ಒದ್ದೆ ಮಾಡಿ ಒತ್ತಿರಲಿ. ಖರ್ಚಿಲ್ಲದ ಈ ದಾಖಲೆ ವೈದ್ಯರಿಗೆ ಬಹಳ ಉಪಯೋಗ.

3. ಸ್ಕ್ಯಾನಿಗೆ ಮುನ್ನ ಕೇಳಿ: ಇದು ಈಗ ಬೇಕೇ, ಇದರಿಂದ ಚಿಕಿತ್ಸೆ ಬದಲಾಗುತ್ತದೆಯೇ, ಮಕ್ಕಳಿಗೆ ತಕ್ಕ ಕಡಿಮೆ ಪ್ರಮಾಣದಲ್ಲಿ ಮಾಡುವಿರಾ?

4. ಶಸ್ತ್ರಚಿಕಿತ್ಸೆಯ ಬಳಿಕ ಕೇಳಿ: ಮೊದಲಿನ ಅಳತೆ ಎಷ್ಟು, ಈಗಿನದು ಎಷ್ಟು, ಅದೇ ವಯಸ್ಸಿನ ಮಕ್ಕಳದು ಎಷ್ಟು?

5. ತಲೆ ಚೆನ್ನಾಗಿ ಕಾಣುತ್ತಿದೆಯೆಂದು ಮುಂದಿನ ಭೇಟಿಗಳನ್ನು ಬಿಡಬೇಡಿ. ವರ್ಷಕ್ಕೊಮ್ಮೆ ಕಣ್ಣಿನ ಪರೀಕ್ಷೆ ಮಾಡಿಸಿ.

ಕೊನೆಯದಾಗಿ, ಇಂಥ ಮಗುವಿನ ಮನೆಯವರನ್ನು ಪೂಜೆಯ ನಂತರ ಕಂಡಾಗ ಮಗುವಿನ ತಲೆಯನ್ನು ದಿಟ್ಟಿಸಿ ನೋಡಿ ಕನಿಕರದ ಮಾತು ಆಡುವುದಕ್ಕಿಂತ ನಾವು ಮಾಡಬಹುದಾದ ಕೆಲಸಗಳಿವೆ. ಶಸ್ತ್ರಚಿಕಿತ್ಸೆಯ ದಿನ ರಕ್ತ ಬೇಕಾಗುತ್ತದೆ; ಯುವಕರು ಮುಂದೆ ಬರಬಹುದು. ತಂದೆತಾಯಿ ಆಸ್ಪತ್ರೆಯಲ್ಲಿ ಹದಿನೈದು ದಿನ ಕುಳಿತರೆ ಹೊಲದಲ್ಲಿ ಜೋಳ ಕಾಯುವವರು ಬೇಕು, ಎಮ್ಮೆಗೆ ನೀರು ತೋರಿಸುವವರು ಬೇಕು. ನೆರೆಯವರು ಒಂದೊಂದು ದಿನ ಹಂಚಿಕೊಳ್ಳಬಹುದು. ಇಂಗ್ಲಿಷ್ ವರದಿಯನ್ನು ಓದಿ ಹೇಳುವವರು ಒಬ್ಬರು ಜೊತೆಗೆ ಹೋಗಬಹುದು. ವೈದ್ಯರಾಗಿದ್ದ ಸಂತ ಲೂಕರ ಪ್ರಾರ್ಥನೆಯನ್ನು ಬೇಡುವ ನಮ್ಮ ಧರ್ಮಕೇಂದ್ರದಿಂದ ಇಷ್ಟಾದರೂ ಆಗಲಿ.

ಓದುಗರು ತಮ್ಮ ಪ್ರಶ್ನೆಗಳನ್ನು ಬರೆದು ಭಾನುವಾರದ ಪೂಜೆಯ ಬಳಿಕ ಗುರುಗಳ ಕೈಗೆ ಕೊಡಬಹುದು. ಉತ್ತರಗಳನ್ನು ಮುಂದಿನ ಸಂಚಿಕೆಗಳಲ್ಲಿ ಪ್ರಕಟಿಸುತ್ತೇವೆ.